ಬಾಲ್ಕನಿ ಗಾಜಿನ ಬೊಟ್ಟುಗಳು

ಬಾಲ್ಕನಿಯಲ್ಲಿ ತಲೆ ಬಾಚಿಕೊಳ್ಳುವ ಹೆಂಡತಿಗೆ ಕಿಟಕಿಯ ಕಪ್ಪು ಗಾಜೇ ಕನ್ನಡಿ. ದಿನವೂ ಹಳೆಯ ಬೊಟ್ಟನ್ನು ಹಣೆಯಿಂದ ಕಿತ್ತು ಆ ಗಾಜಿಗೇ ಅಂಟಿಸಿಬಿಡುತ್ತಾಳೆ. ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಾದ ಗಂಡನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಆವತ್ತು ಬ್ಲೇಡು ಹಿಡಿದು ಕೆರೆಯಲು ನಿಂತೇಬಿಟ್ಟರು.

“ಹನ್ನೊಂದು ವರ್ಷದಿಂದ ಬಡ್ಕೊಳ್ತಿದೀನಿ. ಗಾಜೇನು ನಿನ್ನ ಹಣೆನಾ?”

“ನೋಡಕ್ಕಾಗದಿದ್ರೆ ಆಚೆ ಕಡೆ ತಿರುಗ್ಕೊಳ್ಳಿ,” ಎಂದು ಅವಳು ಒಳಗೆ ಹೋದಳು.

ಅಷ್ಟರಲ್ಲಿ ಪಕ್ಷಿ ಸಂರಕ್ಷಣಾ ಸಂಘದ ತರುಣಿಯೊಬ್ಬಳು ಬಾಲ್ಕನಿಗೇ ಬಂದಳು. ಹಿಂದೆ ಅಕ್ಕಪಕ್ಕದ ಮನೆಯವರ ದಂಡು.

“ಸರ್, ಈ ವಾರ ನಿಮ್ಮ ಕಟ್ಟಡದ ಗಾಜಿಗೆ ಬಡಿದು ಆರು ನವರಂಗ ಹಕ್ಕಿ ಸತ್ತಿವೆ. ಹಿಮಾಲಯದ ತಪ್ಪಲಿಂದ ಹಾರಿ ಬಂದವು, ಪಾಪ. ಗಾಜಲ್ಲಿ ಕಾಣೋ ಮರಾನ ನಿಜ ಅಂದ್ಕೊಳ್ತವೆ. ನಿಮ್ಮ ಕಿಟಕಿಗೆ ಮಾತ್ರ ಒಂದೂ ಬಡಿದಿಲ್ಲ!” ಗಾಜು ಮುಟ್ಟಿ ನೋಡಿ ಅವಳು ಬೆರಗಾದಳು. “ಎರಡೆರಡು ಇಂಚಿಗೆ ಒಂದು ಚುಕ್ಕಿ, ಅದೂ ಗಾಜಿನ ಹೊರಗಡೆ! ಚುಕ್ಕಿ ಕಂಡ್ರೆ ಹಕ್ಕಿ ದೂರ ಸರಿಯುತ್ತೆ, ನಾವು ಹೇಳೋದೂ ಇದನ್ನೇ. ಯಾರು ಸರ್ ಮಾಡಿದ್ದು?”

ಅಧ್ಯಕ್ಷರು ಬ್ಲೇಡನ್ನು ಮೆಲ್ಲಗೆ ಜೇಬಿಗಿಳಿಸಿದರು. “ನಾನೇ. ಹಕ್ಕಿ ಅಂದ್ರೆ ನಂಗೆ ಜೀವ.”

“ಹಾಗಾದ್ರೆ ಹೇಗೆ ಅಂಟಿಸೋದು ಅಂತ ಎಲ್ಲರಿಗೂ ತೋರಿಸಿಕೊಡಿ ಸರ್!”

ಒಳಗಿನಿಂದ ಹೆಂಡತಿ ಬೊಟ್ಟಿನ ಹೊಸ ಪ್ಯಾಕೆಟ್ ತಂದು ಅವರ ಕೈಗಿಟ್ಟಳು.

“ತೋರ್ಸಿ ರೀ. ಮೊದಲು ನಿಮ್ಮ ಹಣೆಗಿಟ್ಕೊಂಡು, ಒಂದು ದಿನ ಕಳೆದ ಮೇಲೆ ತಾನೇ ಗಾಜಿಗೆ ಅಂಟ್ಸೋದು?”