ಹೆಬ್ಬಾಗಿಲ ನೆತ್ತಿಯ ತಾಯಿ

ನಿರಾಕಾರನಾಗಿದ್ದೂ ಸಕಲ ಆಕಾರಗಳನ್ನು ಎರಕ ಹೊಯ್ದ ಆದಿಶಿಲ್ಪಿಗೆ ಮೊದಲ ವಂದನೆ. ನಮ್ಮ ಕೈ ತಪ್ಪಿದಲ್ಲಿಯೂ ಆತನು ಕೈ ಬಿಡುವವನಲ್ಲವೆಂಬ ಧೈರ್ಯದಿಂದ ಈ ಕಥೆಯನ್ನು ಹೇಳುತ್ತಿದ್ದೇನೆ.

"ಮುರಿದೇ ಹೋಯ್ತಾ, ಅಜ್ಜ?" ಎಂದಳು ಕಲಾವಿದೆ.

ಅಚ್ಚು ತೆಗೆದು ಎರಕ ಹೊಯ್ಯುವುದರಲ್ಲೇ ಮುದುಕನಾದ ಅಚ್ಚಿನಜ್ಜ ಬಗ್ಗಿ ಚೂರೊಂದನ್ನು ಎತ್ತಿ ನೋಡಿದ. ಪ್ರದರ್ಶನಶಾಲೆಯ ನೆಲದ ಮೇಲೆ ರಾಷ್ಟ್ರಮಾತೆಯ ಪ್ಲಾಸ್ಟರ್ ಮೂಗು ಒಂದು ಕಡೆ, ಅರ್ಧ ತುಟಿ ಇನ್ನೊಂದು ಕಡೆ ಬಿದ್ದಿದ್ದವು. ಶಾಸನಸಭೆಯ ಹೆಬ್ಬಾಗಿಲ ನೆತ್ತಿಯಲ್ಲಿ ಕುಳಿತು, ಕೆಳಗಿನವರ ತಲೆಗಳ ಮೇಲಿಂದ ದಿಗಂತವನ್ನೇ ದಿಟ್ಟಿಸುವ ಆ ಕಲ್ಲಿನ ಮುಖವನ್ನು ಪ್ಲಾಸ್ಟರಿನಲ್ಲಿ ಎರೆಯಬೇಕು. ಅದೇ ಬಾಗಿಲಿನ ಮರದ ಪ್ರತಿಕೃತಿಯೊಂದನ್ನು ಕೋಣೆಯೊಳಗೆ ಕಟ್ಟಿ, ಆ ಮುಖವನ್ನು ಜನರ ಕಣ್ಣೆತ್ತರಕ್ಕೆ ಇಳಿಸಬೇಕು. ಇದು ಅವಳ ಮೂರು ವರ್ಷಗಳ ಸಂಕಲ್ಪ. ಹೊಸ ಎರಕ ಒಣಗಲು ನಾಲ್ಕು ದಿನ ಬೇಕು. ಪ್ರದರ್ಶನ ಆರಂಭವಾಗುವುದು ಅಂದು ಸಂಜೆ ನಾಲ್ಕಕ್ಕೆ. ತಪ್ಪಿದರೆ ಕೋಣೆಯನ್ನು ಬೇರೆಯವರಿಗೆ ಕೊಡುವುದಾಗಿ ಪ್ರದರ್ಶನಶಾಲೆಯವರು ಖಂಡಿತವಾಗಿ ಹೇಳಿದ್ದರು.

"ಎರೆಯೋ ಮುಂಚೆ ಅಚ್ಚಿಗೆ ಕೊಬ್ಬು ಸವರಿದ್ರಾ? ಸವರದಿದ್ರೆ ಎರಕ ಅಂಟ್ಕೊಳ್ಳುತ್ತೆ ಅಂತ ನನಗೆ ಕಲಿಸಿದ್ದೇ ನೀವು."

"ಕಿರೀಟಕ್ಕೆ ಸವರಿದೆ. ಕೂದಲಿಗೂ ಸವರಿದೆ." ಮುದುಕ ತಲೆ ತಗ್ಗಿಸಿದ. "ಮುಖಕ್ಕೆ ಮಾತ್ರ ಕೈ ಬರ್ಲಿಲ್ಲ ಮಗಳೇ. ಅಚ್ಚಿನೊಳಗಿದ್ರೂ ಅದು ತಾಯಿ ಕೆನ್ನೆ ತಾನೆ? ಸತ್ತ ಪ್ರಾಣಿ ಕೊಬ್ಬನ್ನ ಹೇಗೆ ಬಳೀಲಿ?"

"ಐವತ್ತು ವರ್ಷ ಮಂತ್ರಿಗಳ ಮುಖಕ್ಕೆಲ್ಲ ಬಳಿದ್ರಲ್ಲ!"

"ಅವರಿಗೆ ಬಳಿಯೋಕೆ ಯಾವ ಸಂಕೋಚಾನೂ ಆಗ್ಲಿಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಏಣಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅಜ್ಜ ಬರಿದಾದ ಅಚ್ಚಿಗೆ ಹಗ್ಗ ಬಿಗಿದ. "ಏಳು. ಬಾಗಿಲು ಬೋಳಾಗಿ ನಿಲ್ಲೋದಕ್ಕಿಂತ ಈ ಅಚ್ಚೇ ವಾಸಿ. ಬಂದವರು ನಕ್ಕರೆ, ಮುದುಕನಿಗೆ ಅರಳುಮರಳು ಅಂತ ಹೇಳಿಬಿಡು."

ಇಬ್ಬರೂ ಸೇರಿ ಅಚ್ಚನ್ನು ಬಾಗಿಲ ಚೌಕಟ್ಟಿನಲ್ಲಿ ಕೂರಿಸಿದರು. ಅದರಲ್ಲಿ ಮುಖವೆಲ್ಲವೂ ಒಳಮುಖ: ಮೂಗಿನ ಜಾಗದಲ್ಲಿ ಹಳ್ಳ, ಕೆನ್ನೆಗಳ ಜಾಗದಲ್ಲಿ ಗುಳಿ. ಕಲಾವಿದೆ ದೀಪ ಹಾಕಿ, ನೋಡಲು ಮನಸ್ಸಾಗದೆ ಗೋಡೆಯ ಕಡೆ ತಿರುಗಿಕೊಂಡಳು.

ಚೂರುಗಳನ್ನು ಗುಡಿಸಲು ಬಂದ ಹೆಂಗಸು ಹಲವು ವರ್ಷ ಶಾಸನಸಭೆಯಲ್ಲೇ ಕೆಲಸ ಮಾಡಿ ನಿವೃತ್ತಳಾದವಳು. ನಾಲ್ಕು ಹೆಜ್ಜೆ ಹಾಕಿ ಥಟ್ಟನೆ ನಿಂತಳು. ಎಡಕ್ಕೆ ಸರಿದಳು. ಬಲಕ್ಕೆ ಸರಿದಳು.

"ಅಕ್ಕಾ, ಇವಳು ತಿರುಗ್ತಾಳೆ!"

"ಯಾರು?"

"ಇವಳೇ. ನಾನು ಹೋದ ಕಡೆ ಮುಖ ತಿರುಗಿಸ್ತಾಳೆ!"

ಕಲಾವಿದೆ ಓಡಿಬಂದಳು. ಹತ್ತಿರದಿಂದ ಬರಿಯ ಗುಳಿಯಾಗಿದ್ದದ್ದು ದೂರದಿಂದ, ದೀಪದ ಬೆಳಕಿನಲ್ಲಿ, ಹೊರಗುಬ್ಬಿದ ತುಂಬುಮುಖವಾಗಿ ಕಾಣುತ್ತಿತ್ತು. ನೋಡುವವರು ಚಲಿಸಿದಂತೆ ಅದೂ ತಿರುಗುವಂತೆ ತೋರುತ್ತಿತ್ತು. ಆ ತುದಿಯಿಂದ ಅಜ್ಜ, "ನನ್ನನ್ನೇ ನೋಡ್ತಿದ್ದಾಳೆ!" ಎಂದ. ಈ ತುದಿಯಿಂದ ಕಲಾವಿದೆ, "ಇಲ್ಲ ಅಜ್ಜ, ನನ್ನನ್ನ!" ಎಂದಳು. ಅಂದುಕೊಂಡಂತೆ ಎರಕವನ್ನೇ ಕೂರಿಸಿದ್ದರೆ, ಕಣ್ಣೆತ್ತರಕ್ಕೆ ಇಳಿದರೂ ಅದರ ಕಣ್ಣು ದಿಗಂತವನ್ನೇ ನೋಡುತ್ತಿತ್ತು. ಮೂರು ವರ್ಷ ಯೋಚಿಸಿದರೂ ಅವಳಿಗೆ ಹೊಳೆಯದಿದ್ದುದನ್ನು ಒಬ್ಬ ಮುದುಕನ ಭಯಭಕ್ತಿ ತಂದುಕೊಟ್ಟಿತ್ತು. ಅವಳು ಪ್ಲಾಸ್ಟರ್ ಮೆತ್ತಿದ್ದ ಅವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

ಗುಡಿಸುವ ಹೆಂಗಸು ಮಾತ್ರ ಇದ್ದಲ್ಲೇ ಇದ್ದಳು.

"ನಲವತ್ತು ವರ್ಷ ಇವಳ ಮೆಟ್ಟಿಲು ಗುಡಿಸಿದೆ," ಎಂದಳು. "ಒಂದು ದಿನವಾದ್ರೂ ಕೆಳಗೆ ನೋಡಿರ್ಲಿಲ್ಲ." ಪೊರಕೆಯನ್ನು ಬೆನ್ನ ಹಿಂದೆ ಮರೆಮಾಡಿ, ಈಗಷ್ಟೇ ಭೇಟಿಯಾದವಳಂತೆ, ಕೆದರಿದ ಕೂದಲನ್ನು ಸರಿಮಾಡಿಕೊಂಡಳು.

ಈ ಕಥೆಯನ್ನು ಕೇಳಿದವರೆಲ್ಲರ ಮೇಲೂ ಅಂಥದೊಂದು ನೋಟ ಬೀಳಲಿ. ಯಾರೂ ಯಾರ ಕಣ್ಣಿಗೂ ಕಾಣದವರಾಗಿ ಉಳಿಯದಿರಲಿ.