ಮುಟ್ಟದ ಕಣ್ಣು

ಮೊಲಗಳ ಬಲಗಣ್ಣು ಕೆಂಪಾಗಿತ್ತು. ಒಂದೆರಡರದ್ದಲ್ಲ, ಸಾಲಿನಲ್ಲಿದ್ದ ಎಲ್ಲವುಗಳದ್ದೂ.

ಸುದೀಪ ಸಾಲಿನುದ್ದಕ್ಕೂ ಇನ್ನೊಮ್ಮೆ ಬಗ್ಗಿ ನೋಡಿದ. ಕೆಂಪಾಗುವುದಿದ್ದರೆ ಎಡಗಣ್ಣು ಕೆಂಪಾಗಬೇಕು. ರಾಣೇಬೆನ್ನೂರು ರಸ್ತೆಯ ಆ ಸಣ್ಣ ಪ್ರಯೋಗಾಲಯದ ಕ್ರಮವೇ ಹಾಗೆ. ಕಂಪನಿಯವರು ಕಳಿಸಿದ ಹೊಸ ಕಣ್ಣಿನ ಔಷಧವನ್ನು ಮೊಲದ ಎಡಗಣ್ಣಿಗೆ ಬಿಡುವುದು, ಉರಿಯೋ ಬಾವೋ ಬರುತ್ತದೆಯೇ ನೋಡುವುದು. ಬಲಗಣ್ಣನ್ನು ಹೋಲಿಸಿ ನೋಡಲೆಂದು ಮುಟ್ಟದೆ ಬಿಡುವುದು. ಈಗ ನೋಡಿದರೆ ಎಡಗಣ್ಣು ತೊಳೆದಿಟ್ಟ ಗಾಜಿನಂತಿದೆ. ಯಾರೂ ಮುಟ್ಟದ ಬಲಗಣ್ಣಿನ ರೆಪ್ಪೆ ಊದಿ ಕೀವು ಸೋರುತ್ತಿದೆ, ಪಾಪೆಯ ಮೇಲೆ ಪೊರೆ ಕಟ್ಟಿದೆ. ಎಡಗಣ್ಣಿನ ಬಗ್ಗೆ ಸುದೀಪನಿಗೆ ಮೊದಲಿನಿಂದಲೂ ಚಿಂತೆಯಿರಲಿಲ್ಲ. ಈ ಬಲಗಣ್ಣು ಎಲ್ಲಿಂದ ಬಂದು ವಕ್ಕರಿಸಿತು?

ಮಧ್ಯಾಹ್ನ ಕಂಪನಿಯವರು ನೋಡಲು ಬರುವವರಿದ್ದರು. ಅದಕ್ಕೇ ಅವನು ಬ್ಯಾಡಗಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದ. ಮಾಲೀಕ ಹಾಲೇಶಪ್ಪನೂ ಬೇಗನೆ ಬಂದ.

"ಎಡಗಣ್ಣು ಹೆಂಗದಾವಪಾ?"

"ಚೊಕ್ಕ ಅದಾವ್ರಿ ಸಾಹೇಬ್ರ."

"ಅದು ನನಗ ಗೊತ್ತಿದ್ದದ್ದ." ಹಾಲೇಶಪ್ಪ ನಗುತ್ತಲೇ ಬಗ್ಗಿದ. ಬಲಗಣ್ಣು ಕಂಡದ್ದೇ ನಗು ಇಳಿಯಿತು. "ಕಣ್ಣು ಕೆಟ್ಟ ಮೊದಲಿನ ಮೊಲಾನೆಲ್ಲಾ ಹಿತ್ತಲದಾಗ ಹೂಳಿದ್ವಿ. ಕಂಪನಿಯವರಿಗೆ ರೋಗ ಅಂತ ಹೇಳಿ ಪಾರಾದ್ವಿ. ಎರಡನೇ ಸಲ ಹೇಳಿದ್ರ ಯಾರು ನಂಬತಾರ? ಇದು ಯಾರ ಕೆಲಸ ಹುಡುಕು. ಇಲ್ಲಂದ್ರ ನಾಳಿಂದ ನೀನೂ ಈ ಕಡೆ ಬರಬ್ಯಾಡ."

ಬರಬೇಡ ಎಂದರೆ ಸುದೀಪನಿಗೆ ಮೊದಲು ಕಾಣುವುದು ಅವ್ವನ ಮುಖ. ಸೋಮವ್ವ ಹರೆಯವನ್ನೆಲ್ಲ ಬ್ಯಾಡಗಿಯ ಮೆಣಸಿನಕಾಯಿ ರಾಶಿಯ ಮುಂದೆ ಕುಂತು ತೊಟ್ಟು ಬಿಡಿಸುತ್ತ ಕಳೆದವಳು. ಇನ್ನೊಂದು ಸುಗ್ಗಿ ಆ ಘಾಟಿನಲ್ಲಿ ಕುಂತರೆ ಇದ್ದಷ್ಟು ದೃಷ್ಟಿಯೂ ಹೋಗುತ್ತದೆಂದು ಹಾವೇರಿಯ ಡಾಕ್ಟರು ಹೇಳಿಬಿಟ್ಟಿದ್ದರು. ಮಗನಿಗೆ ಈ ಕೆಲಸ ಸಿಕ್ಕ ಮೇಲೆ ಅವಳು ಮನೆಯಲ್ಲಿ ಉಳಿದಿದ್ದಳು. ಕೆಲಸ ಹೋದ ಮರುದಿನವೇ ಸೆರಗು ಸಿಕ್ಕಿಸಿ ರಾಶಿಯ ಮುಂದೆ ಕೂರುವ ಹೆಂಗಸು ಅದು, ಮಗನ ಮಾತು ಕೇಳುವುದಿಲ್ಲ. ಅವ್ವನ ಕಣ್ಣು ಉಳಿಯಬೇಕು. ಅದಕ್ಕಾಗಿ ಸುದೀಪ ಏನು ಮಾಡಲೂ ತಯಾರಿದ್ದ. ಮಾಡಿಯೂ ಇದ್ದ.

ಅನುಮಾನ ನೆಟ್ಟಗೆ ದುರಗವ್ವನ ಮೇಲೆ ಹೋಯಿತು. ಬ್ಯಾಡಗಿಯಲ್ಲಿ ಅವನ ಪಕ್ಕದ ಮನೆಯವಳು, ಪಂಜರ ತೊಳೆಯಲು ಅವನೇ ಕರೆತಂದವಳು. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಹಾಕುವವಳೂ ಅವಳೇ. ಬಿಡುವು ಸಿಕ್ಕರೆ ಈಗಲೂ ಮೆಣಸಿನಕಾಯಿ ಕೆಲಸಕ್ಕೆ ಹೋಗುತ್ತಾಳೆ; ಆ ಖಾರ ಸೋಪಿಗೆ ಬಿಡುವಂಥದ್ದಲ್ಲ. ಅದೇ ಕೈಯಿಂದ ಮೊಲದ ಮುಖ ಸವರಿದ್ದಾಳೆ, ಮತ್ತೇನು? ಪಾಪದವಳು ಎನಿಸಿತು. ಆದರೆ ತಪ್ಪಿತಸ್ಥರು ಸಿಕ್ಕರಲ್ಲ ಎಂದು ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಬೇಕು.

ದುರಗವ್ವ ಹುಲ್ಲಿನ ಹೊರೆ ಹೊತ್ತು ಬಂದಾಗ ಅವನು ಬಾಗಿಲಲ್ಲೇ ತಡೆದ.

"ಅಕ್ಕಾ, ಖರೇ ಹೇಳು. ನಿನ್ನೆ ಸಂಜಿಮುಂದ ಮೊಲದ ಕಣ್ಣು ಮುಟ್ಟೀದಿ, ಹೌದಿಲ್ಲೋ?"

"ಮುಟ್ಟೇನಿ ತಮ್ಮಾ." ಅವಳು ಹೊರೆ ಇಳಿಸಿದಳು. ಮುಖದಲ್ಲಿ ಅಂಜಿಕೆಯ ಸುಳಿವೇ ಇಲ್ಲ. "ನೀ ದಿನಾ ಒಂದ ಕಣ್ಣಿಗೆ ಔಷಧ ಬಿಟ್ಟು ಹೋಗತಿದ್ದಿ. ಕಣ್ಣಿನ ಬ್ಯಾನಿಗೆ ಯಾರರ ಒಂದ ಕಣ್ಣಿಗೆ ಹಾಕತಾರೇನು? ಒಂದರಿಂದ ಇನ್ನೊಂದಕ್ಕ ದಾಟತೈತಿ. ನಿನಗ ವ್ಯಾಳೆ ಸಾಲವಲ್ದು ಅಂತ ತಿಳದು, ಉಳದ ಕಣ್ಣಿಗೆ ನಾನ ಹಾಕಿದೆ."

"ಏನು ಹಾಕಿದಿ?"

"ಕಪಾಟಿನ್ಯಾಗಿನ ಕಂಪನಿ ಬಾಟ್ಲಿದು. ಮತ್ತೇನ ಹಾಕಲಿ?"

ಸುದೀಪ ಥಟ್ಟನೆ ಕಪಾಟಿನತ್ತ ತಿರುಗಿದ. ಸಿಟ್ಟು ಬಂದಿರಬೇಕೆಂದು ದುರಗವ್ವ ದನಿ ತಗ್ಗಿಸಿದಳು.

"ಒಂದೀಟು ಮನಿಗೂ ಒಯ್ದಿದ್ದೆ, ಬ್ಯಾಸರ ಮಾಡಕೋಬ್ಯಾಡ. ಮುಂಜಾನೆ ನೀ ಹೋದಮ್ಯಾಲೆ ನಿಮ್ಮವ್ವ ಕಣ್ಣು ಉರಿಯಾಕತ್ತಾವು ಅಂದ್ಲು. ಎರಡೂ ಕಣ್ಣಿಗೆ ಹಾಕಿ, ಮಲಗಿಸಿ ಬಂದೇನಿ. ನೀ ಔಷಧ ಹಾಕಿದ ಎಡಗಣ್ಣು ಎಷ್ಟು ಛಲೋ ಅದಾವು ಅಂತ ನೋಡೇ ಒಯ್ದದ್ದಪಾ, ಸುಮ್ಮನ ಅಲ್ಲ."

ಸುದೀಪ ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿದ.

ಹೊಸ ಮೊಲಗಳು ಬಂದಂದಿನಿಂದ ಆ ಬಾಟಲಿಯನ್ನು ಅವನು ಮುಟ್ಟಿಯೇ ಇರಲಿಲ್ಲ. ಎಡಗಣ್ಣುಗಳಿಗೆ ದಿನವೂ ಬಿಡುತ್ತಿದ್ದದ್ದು ಬರೀ ನೀರು.