ಬೆಳೆಯುವ ಹುಡುಗಿಯ ಗಿಟಾರ್

ಮೂರು ಪಿಕಪ್‌ಗಳ ದೊಡ್ಡ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡ ಕೂಡಲೇ ಗೌತಮಿ ಮುಂದಕ್ಕೆ ಬಾಗಿದಳು. ಬಾಗಲಕೋಟೆಯ ಆ ಅಂಗಡಿಯ ಕನ್ನಡಿಯಲ್ಲಿ ಗಿಟಾರ್ ಕಾಣುತ್ತಿತ್ತು, ಗಿಡ್ಡ ಗೌತಮಿ ಅದರ ಹಿಂದೆ ಎಲ್ಲೋ ಇದ್ದಳು.

"ಇದ ಇರ್ಲಿ. ಬೆಳಿಯೋ ಹುಡುಗಿ," ಎಂದಳು ಅಜ್ಜಿ ವಿಮಲಾಬಾಯಿ. ಚಪ್ಪಲಿಯಿಂದ ಹಿಡಿದು ರೇನ್‌ಕೋಟಿನವರೆಗೆ ಮೊಮ್ಮಗಳಿಗೆ ಎಲ್ಲವನ್ನೂ ಒಂದು ಅಳತೆ ದೊಡ್ಡದೇ ಕೊಡಿಸಿದವಳು ಆಕೆ.

"ಆಯಿ, ನನಗ ಮೂವತ್ತೊಂದು ಆತು. ಬಾದಾಮಿ ಸಾಲ್ಯಾಗ ಟೀಚರ್ ಇದ್ದೀನಿ. ಶನಿವಾರ ಸಾಲಿ ಗ್ಯಾದರಿಂಗ್‌ನಾಗ ಎಲ್ಲಾರ ಮುಂದ ನಿಂತು ಬಾರಿಸಬೇಕು."

ಅಂಗಡಿಯ ವಿಜಯಮಹಾಂತೇಶ ನಗು ತಡೆದುಕೊಂಡು ಗೋಡೆಯಿಂದ ತೆಳ್ಳನೆಯ ಗಿಟಾರೊಂದನ್ನು ಇಳಿಸಿದ. "ಇದು ಹಗುರ ಐತ್ರಿ. ತಂತಿ ದನಿ ಹಿಡಿಯೋ ಪಿಕಪ್ ಒಂದ ಐತಿ, ಆದ್ರ ಗಟ್ಟಿ ಐತ್ರಿ."

"ಒಂದ? ಮುಂದ ಮೂರೂ ಬೇಕಾಗ್ತಾವ," ವಿಮಲಾಬಾಯಿ ಬಗ್ಗಲಿಲ್ಲ.

ಗೌತಮಿ ತನ್ನ ಕುರ್ತಾದ ತೋಳಿನ ಮಡಿಕೆ ಬಿಚ್ಚಿದಳು. ಕಾಲೇಜಿಗೆ ಸೇರಿದಾಗ ಅಜ್ಜಿಯೇ ಕೊಡಿಸಿದ ಕುರ್ತಾ. ತೋಳು ಜಾರಿ ಬೆರಳುಗಳನ್ನೆಲ್ಲ ಮುಚ್ಚಿತು. "ತೋಳರೆ ಮಡಚಿದೆ ಆಯಿ. ಗಿಟಾರ್ ಹೆಂಗ ಮಡಚ್ಲಿ?"

ವಿಮಲಾಬಾಯಿ ತೋಳನ್ನೇ ನೋಡಿದಳು. ಆಮೇಲೆ ತಾನೇ ಆ ಹಗುರ ಗಿಟಾರನ್ನು ಎತ್ತಿ ಮೊಮ್ಮಗಳ ಹೆಗಲಿಗೆ ಹಾಕಿದಳು. ವಿಜಯಮಹಾಂತೇಶ ಅದರ ವೈರನ್ನು ಸ್ಪೀಕರ್‌ಗೆ ಸಿಕ್ಕಿಸಿದ. ಗೌತಮಿ ನೆಟ್ಟಗೆ ನಿಂತು ತಂತಿ ಮೀಟಿದಳು. ಅಂಗಡಿಯ ಗಾಜೆಲ್ಲ ಝುಂ ಎಂದಿತು.

"ಇದನ್ನ ಕೊಡ್ರಿ," ಎಂದಳು ವಿಮಲಾಬಾಯಿ. ವಿಜಯಮಹಾಂತೇಶ ಗಿಟಾರನ್ನು ಚೀಲಕ್ಕೆ ಹಾಕುವಾಗ ಅವನ ಹತ್ತಿರ ಬಾಗಿ ಮೆಲ್ಲಗೆ ಸೇರಿಸಿದಳು: "ಹೆಗಲಿನ ಪಟ್ಟಿ ಮಾತ್ರ ಸ್ವಲ್ಪ ಉದ್ದಂದ ಹಾಕ್ರಿ. ಬೆಳಿಯೋ ಹುಡುಗಿ."